ದೇಶ ಸುತ್ತುವಾಗ ಯಾವ ಕೋಶ?

ಬೆಳಗಿನ ಆರೂವರೆ. ಕನಕಪುರದ ನಿಲ್ದಾಣಕ್ಕೆ ಬೆಂಗಳೂರಿನ ಬಸ್ಸು ಬಂದು ಇನ್ನೂ ಸರಿಯಾಗಿ ನಿಂತಿರುವುದಿಲ್ಲ, ಕಿಟಕಿಯಿಂದ ತೂರಿದ ಚೀಲಗಳು ಆಗಲೇ ಸೀಟು ಹಿಡಿದಿರುತ್ತವೆ. ಕಾಲೇಜಿಗೆ ಹೊರಟ ಹುಡುಗ ಹುಡುಗಿಯರದೇ ಅರ್ಧ ಬಸ್ಸು. ಹಾರೋಹಳ್ಳಿ ಬರುವ ಹೊತ್ತಿಗೆ ನಿಲ್ಲುವುದಕ್ಕೂ ಜಾಗವಿಲ್ಲ. ಕಗ್ಗಲೀಪುರ ದಾಟಿದ ಮೇಲೆ ಕೆಲವರು ರೇಷ್ಮೆ ಸಂಸ್ಥೆಯ ಬಳಿ ಇಳಿದು ಮೆಟ್ರೋ ಹತ್ತುತ್ತಾರೆ. 2021ರ ಜನವರಿಯಲ್ಲಿ ಮೆಟ್ರೋ ಅಲ್ಲಿಯವರೆಗೆ ಬಂದ ಮೇಲೆ ಈ ದಾರಿ ಸ್ವಲ್ಪ ಸಲೀಸಾಗಿದೆ. ಉಳಿದವರು ಬನಶಂಕರಿಯ ಕಡೆಗೆ ಹೋಗುತ್ತಾರೆ.

ಕನಕಪುರದಿಂದ ಬೆಂಗಳೂರಿಗೆ ಸುಮಾರು 55 ಕಿಲೋಮೀಟರ್. ವಾಹನಗಳ ನೂಕುನುಗ್ಗಲು ಸೇರಿ ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಹೋಗಿ ಬರಲು ಮೂರು ಗಂಟೆ, ವಾರಕ್ಕೆ ಆರು ದಿನವಾದರೆ ಹದಿನೆಂಟು ಗಂಟೆ. ಅದರಲ್ಲಿ ಅರ್ಧದಷ್ಟನ್ನು ಓದಿಗೆ ಕೊಟ್ಟರೂ, ಗಂಟೆಗೆ ಇಪ್ಪತ್ತು ಪುಟದ ಲೆಕ್ಕದಲ್ಲಿ ವಾರಕ್ಕೊಂದು ಕಾದಂಬರಿ ಮುಗಿಯುತ್ತದೆ. ‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಈ ಮಕ್ಕಳಿಗೆ ಎರಡನ್ನೂ ಒಟ್ಟಿಗೇ ಮಾಡುವ ಅವಕಾಶವಿದೆ. ಆದರೆ ಆ ಹದಿನೆಂಟು ಗಂಟೆಗಳ ಬಹುಪಾಲನ್ನು ಕೈಯಲ್ಲಿರುವ ಫೋನು ನುಂಗುತ್ತಿದೆ ಎಂಬುದು ಮಕ್ಕಳಿಗೂ ಗೊತ್ತು, ಪೋಷಕರಿಗೂ ಗೊತ್ತು.

ಆದ್ದರಿಂದಲೇ ಫಲಿತಾಂಶ ಬಂದು ಹೊಸ ಕಾಲೇಜು ಸೇರುವ ದಿನಗಳಲ್ಲಿ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಈ ಬಗೆಯ ಮಾತು ಕೇಳಿಬರುತ್ತದೆ:

“ಅಪ್ಪ, ಈ ಸಲ ಗೂಡಿನ ದುಡ್ಡು ಬಂದ್ಮೇಲೆ ಒಂದು ಟ್ಯಾಬ್ ಕೊಡ್ಸಪ್ಪ.”

“ಓದಕ್ಕೋ, ಆಟ ಆಡಕ್ಕೋ?”

“ಓದಕ್ಕೇ ಕಣಪ್ಪ. ಬಸ್ಸಲ್ಲಿ ಸುಮ್ನೆ ಕೂತಿರ್ತೀನಲ್ಲ.”

“ಓದಕ್ಕೇ ಅಂತ ಒಂದು ಬೇರೆ ಬತ್ತದಂತಲ್ಲವ್ವ, ಅದ್ರಲ್ಲಿ ಆಟ ಗೀಟ ಏನೂ ಇರಲ್ವಂತೆ. ಅದೇ ತಕ್ಕೊಳ್ಳಾಣ್ವಾ?”

ಅಪ್ಪ ಹೇಳುತ್ತಿರುವ ಆ ‘ಬೇರೆ’ ವಸ್ತುವೇ ಇ-ರೀಡರ್. ರೇಷ್ಮೆ ಗೂಡಿನ ದುಡ್ಡು ಕೈಗೆ ಬರುವ ಮೊದಲೇ ಹಿಪ್ಪುನೇರಳೆ ತೋಟದ ಖರ್ಚು, ಕೈಸಾಲ, ಕಾಲೇಜಿನ ಶುಲ್ಕ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಅಂಥ ಮನೆಯಲ್ಲಿ ತಪ್ಪು ವಸ್ತು ತಂದರೆ ಇನ್ನೊಂದನ್ನು ತರುವ ಮಾತೇ ಇಲ್ಲ. ಹಾಗಾಗಿ ಎರಡನ್ನೂ ಕೂಲಂಕಷವಾಗಿ ತೂಗಿ ನೋಡುವುದು ಒಳ್ಳೆಯದು.

ಎರಡು ಪರದೆ, ಎರಡು ಸ್ವಭಾವ

ನೋಡಲು ಎರಡೂ ಒಂದೇ ಬಗೆಯ ಹಲಗೆಗಳು. ವ್ಯತ್ಯಾಸವಿರುವುದು ಪರದೆಯಲ್ಲಿ. ಟ್ಯಾಬ್ಲೆಟ್ಟಿನ ಪರದೆ ಫೋನಿನಂತೆಯೇ ತಾನೇ ಬೆಳಗಿ ಕಣ್ಣಿಗೆ ಬೆಳಕು ಬಿಡುತ್ತದೆ. ಇ-ರೀಡರ್‌ನ ಪರದೆ ಕಾಗದದಂತೆ. ಹೊರಗಿನ ಬೆಳಕು ಅದರ ಮೇಲೆ ಬಿದ್ದು ಪ್ರತಿಫಲಿಸಿದಾಗ ಅಕ್ಷರ ಕಾಣುತ್ತದೆ.

ಈ ‘ಇ-ಇಂಕ್’ ಎಂಬ ವಿದ್ಯುನ್ಮಾನ ಶಾಯಿ ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿತು. ಅದನ್ನು ತಯಾರಿಸುವ ಕಂಪನಿ 1997ರಲ್ಲಿ ಆರಂಭವಾಯಿತು. ಪರದೆಯ ತುಂಬ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳು, ಪ್ರತಿಯೊಂದರೊಳಗೂ ವಿದ್ಯುದಾವೇಶ ಹೊತ್ತ ಬಿಳಿ ಮತ್ತು ಕಪ್ಪು ಕಣಗಳು. ವಿದ್ಯುತ್ತು ಹಾಯಿಸಿದಾಗ ಎಲ್ಲಿ ಕಪ್ಪು ಕಣ ಮೇಲೆ ಬರುತ್ತದೋ ಅಲ್ಲಿ ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟವನ್ನು ಹಾಗೆಯೇ ಹಿಡಿದಿಡಲು ವಿದ್ಯುತ್ತು ಬೇಡ, ಪುಟ ಮಗುಚುವಾಗ ಮಾತ್ರ ಬೇಕು. ಆದ್ದರಿಂದ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ. ಟ್ಯಾಬ್ಲೆಟ್ಟು ಎಡೆಬಿಡದೆ ಬಳಸಿದರೆ ಎಂಟು ಹತ್ತು ಗಂಟೆಗೆ ಬಸವಳಿಯುತ್ತದೆ.

ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಇಂಥ ಸಾಧನವನ್ನು ಮಾರುಕಟ್ಟೆಗೆ ತಂದಿತು. ಅಮೆಜಾನ್‌ನ ಕಿಂಡಲ್ ಬಂದದ್ದು 2007ರಲ್ಲಿ, ಭಾರತಕ್ಕೆ ಕಾಲಿಟ್ಟದ್ದು 2012ರಲ್ಲಿ. ಆ್ಯಪಲ್‌ನ ಐಪ್ಯಾಡ್ 2010ರಲ್ಲಿ ಬಂದ ಮೇಲೆ ಟ್ಯಾಬ್ಲೆಟ್ ಮನೆಮಾತಾಯಿತು. ನಮ್ಮ ದೇಶದಲ್ಲೂ ವಿದ್ಯಾರ್ಥಿಗಳಿಗೆಂದೇ 2011ರಲ್ಲಿ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ ಸದ್ದು ಮಾಡಿತ್ತು. 2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಹೀಗಾಗಿ ಟ್ಯಾಬ್ಲೆಟ್ಟನ್ನು ಹಳ್ಳಿಗಳಲ್ಲೂ ಜನ ಬಲ್ಲರು. ಇ-ರೀಡರನ್ನು ಕೈಯಲ್ಲಿ ಹಿಡಿದು ನೋಡಿದವರು ಕಡಿಮೆ.

ಹಡಗಿನಲ್ಲಿ ಗೆಲ್ಲುವುದು ಯಾವುದು?

ಪ್ರಯಾಣದ ಓದಿಗೆ ಯಾವುದು ಲೇಸು ಎಂಬ ಚರ್ಚೆ ಹೆಚ್ಚಾಗಿ ನಡೆಯುವುದು ಹಡಗಿನ ಪ್ರವಾಸದ ಸಂದರ್ಭದಲ್ಲಿ. ಅರ್ಕಾವತಿಯ ದಂಡೆಯ ಕನಕಪುರಕ್ಕೂ ಕಡಲಿಗೂ ಏನು ಸಂಬಂಧ ಎಂದು ನಗಬೇಡಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ ಪ್ರಯಾಣಿಕರ ಹಡಗಿನಲ್ಲಿ, ಯಾವ ದ್ವೀಪ ಎಂಬುದನ್ನು ಅವಲಂಬಿಸಿ, 14ರಿಂದ 18 ಗಂಟೆ ಕಡಲ ಮೇಲೆಯೇ ಕಳೆಯಬೇಕು. 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಕಾರ್ಡೇಲಿಯಾ ವಿಹಾರ ಹಡಗು ಹೊರಡತೊಡಗಿದ ಮೇಲೆ ರಜೆಗೆ ಹಡಗು ಹತ್ತುವ ಆಸೆ ಮಧ್ಯಮ ವರ್ಗದ ಮನೆಗಳಿಗೂ ಬಂದಿದೆ.

ಹಿಂದಿನ ಕಾಲದಲ್ಲಂತೂ ವಿದೇಶಕ್ಕೆ ಹೋಗುವವರಿಗೆ ಹಡಗೇ ಗತಿ. ವಿ.ಕೃ. ಗೋಕಾಕರು 1936ರಲ್ಲಿ ಓದಲೆಂದು ಆಕ್ಸ್‌ಫರ್ಡ್‌ಗೆ ಹೋದದ್ದು ಹಡಗಿನಲ್ಲೇ. ಆ ಕಡಲ ಯಾನದ ಅನುಭವದಿಂದ ಕನ್ನಡಕ್ಕೆ ದಕ್ಕಿದ್ದು 1940ರ ‘ಸಮುದ್ರ ಗೀತೆಗಳು’. ಸುತ್ತ ನೀರು, ಮೇಲೆ ಆಕಾಶ, ಕರೆಯುವವರು ಯಾರೂ ಇಲ್ಲ. ಓದಲು, ಬರೆಯಲು, ಯೋಚಿಸಲು ಅಂಥ ಬಿಡುವು ಬೇರೆಲ್ಲಿ ಸಿಕ್ಕೀತು?

ಇವತ್ತಿನ ಹಡಗಿನಲ್ಲಿ ಇ-ರೀಡರ್ ಸುಲಭವಾಗಿ ಗೆಲ್ಲುತ್ತದೆ. ಹಡಗಿನ ಮೇಲಟ್ಟದ ಉರಿಬಿಸಿಲಿನಲ್ಲಿ ಟ್ಯಾಬ್ಲೆಟ್ಟಿನ ಪರದೆಯಲ್ಲಿ ಕಾಣುವುದು ಓದುವವರ ಮುಖವೇ. ಇ-ರೀಡರ್‌ನ ಪುಟ ಬಿಸಿಲಿದ್ದಷ್ಟೂ ಸ್ಪಷ್ಟ. ಕಿಂಡಲ್ ಪೇಪರ್‌ವೈಟ್‌ನ 2018ರಿಂದೀಚಿನ ಮಾದರಿಗಳು ಎರಡು ಮೀಟರ್ ಸಿಹಿನೀರಿನಲ್ಲಿ ಒಂದು ಗಂಟೆ ತಾಳಬಲ್ಲವು. ಉಪ್ಪುನೀರಿನಲ್ಲಾದರೆ ಕಾಲು ಮೀಟರ್ ಆಳದಲ್ಲಿ ಮೂರು ನಿಮಿಷ ಮಾತ್ರ ಎಂದು ಕಂಪನಿಯೇ ಹೇಳುತ್ತದೆ. ಹಾಗಾಗಿ ಕಡಲ ನೀರು ಸಿಡಿದರೆ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು.

ಎಲ್ಲಕ್ಕಿಂತ ದೊಡ್ಡ ಸಂಗತಿ ನೆಟ್‌ವರ್ಕಿನದು. ದಡದಿಂದ ಕೆಲವು ಕಿಲೋಮೀಟರ್ ದೂರ ಸರಿದರೆ ಸಾಕು, ಊರಿನ ಸಿಮ್ಮಿಗೆ ಸಿಗ್ನಲ್ ಇಲ್ಲ. ವಿಹಾರ ಹಡಗುಗಳಲ್ಲಿ ಉಪಗ್ರಹದ ಮೂಲಕ ಸಿಗುವ ಇಂಟರ್‌ನೆಟ್ಟಿಗೆ ಸಾಮಾನ್ಯವಾಗಿ ಬೇರೆಯೇ ಹಣ ಕೊಡಬೇಕು. ಫೋನಿನ ರೋಮಿಂಗ್ ಆರಿಸದಿದ್ದರೆ ಬಿಲ್ಲು ನೋಡಿ ಎದೆ ಒಡೆಯುವುದೂ ಉಂಟು. ನೆಟ್ಟಿಲ್ಲದ ಟ್ಯಾಬ್ಲೆಟ್ಟು ಅರ್ಧ ಮೂಕವಾಗುತ್ತದೆ. ಊರಿನಲ್ಲೇ ಪುಸ್ತಕ ತುಂಬಿಸಿಕೊಂಡು ಬಂದ ಇ-ರೀಡರಿಗೆ ಏನೂ ಕೊರತೆಯಾಗದು.

ಹಡಗಿನ ಈ ತೀರ್ಪು ಕನಕಪುರದ ಬಸ್ಸಿಗೂ ಅನ್ವಯಿಸುತ್ತದೆಯೇ? ಹಡಗು ಬದುಕಿಗೊಮ್ಮೆ ಆದೀತು, ಬಸ್ಸು ದಿನಾ ಇದ್ದದ್ದೇ. ದುಡ್ಡು ಹಾಕುವುದು ದಿನದ ಓದಿಗಾಗಿ.

ಬಸ್ಸಿನ ಪರೀಕ್ಷೆ

ಮೊದಲ ಸುತ್ತಿನಲ್ಲಿ ಬಸ್ಸಿನಲ್ಲೂ ಇ-ರೀಡರ್‌ನದೇ ಮೇಲುಗೈ. ಅದರ ತೂಕ ಇನ್ನೂರು ಗ್ರಾಂನ ಆಸುಪಾಸು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಓದಬಹುದು. ಹತ್ತು ಅಂಗುಲದ ಟ್ಯಾಬ್ಲೆಟ್ಟಿನ ತೂಕ ಸುಮಾರು ಅರ್ಧ ಕಿಲೋ. ಕೂರಲು ಸೀಟು ಸಿಕ್ಕರೆ ಸರಿ, ನಿಂತು ಓದುವುದು ಕಷ್ಟ, ಕೈ ಜಾರಿದರೆ ಗೂಡಿನ ದುಡ್ಡು ನೆಲದ ಮೇಲೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಟಿಕೆಟ್ಟಿನ ಹಣ ಉಳಿಯಿತು, ಜೊತೆಗೆ ಬಸ್ಸಿನೊಳಗಿನ ಸಂದಣಿಯೂ ಹೆಚ್ಚಿತು. ನಿಂತು ಹೋಗುವ ವಿದ್ಯಾರ್ಥಿನಿಗೆ ಈ ಲೆಕ್ಕ ಸಣ್ಣದಲ್ಲ.

ಚಲಿಸುವ ಬಸ್ಸಿನಲ್ಲಿ ಓದಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಹಡಗಿನಲ್ಲಿ ಆಗುವುದೂ ಇದೇ. ಕಣ್ಣು ಪುಟದ ಮೇಲೆ ನಿಂತು ‘ಅಲುಗಾಟವಿಲ್ಲ’ ಎನ್ನುತ್ತದೆ, ಒಳಗಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ. ಈ ತಕರಾರಿನಿಂದ ಮಿದುಳಿಗೆ ಗೊಂದಲ, ಹೊಟ್ಟೆಗೆ ಸಂಕಟ. ಇದಕ್ಕೆ ಯಾವ ಪರದೆಯೂ ಮದ್ದಲ್ಲ. ತಿರುವುಗಳಲ್ಲಿ ತಲೆ ಎತ್ತಿ ದೂರ ನೋಡುವುದು, ಆದಷ್ಟು ಮುಂದಿನ ಸೀಟಿನಲ್ಲಿ ಕೂರುವುದು, ಆಗದಿದ್ದರೆ ಓದು ಬಿಟ್ಟು ಪುಸ್ತಕವನ್ನು ಆಲಿಸುವುದು ಮೇಲು. ಆಲಿಸುವ ಪುಸ್ತಕಕ್ಕೆ ಫೋನೇ ಸಾಕು.

ಕನ್ನಡದ ಪುಟ ತೆರೆದಾಗ

ಎರಡನೆಯ ಸುತ್ತಿನಲ್ಲಿ ಆಟ ತಿರುಗುತ್ತದೆ. ಏಕೆಂದರೆ ಅಲ್ಲಿಯ ಪ್ರಶ್ನೆ ‘ಹೇಗೆ ಓದುವುದು’ ಎಂಬುದಲ್ಲ, ‘ಏನನ್ನು ಓದುವುದು’ ಎಂಬುದು.

2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ಮಾರಾಟ ಆರಂಭಿಸಿದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಈ ಐದು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಕೋಟಿಗಟ್ಟಲೆ ಜನರ ನುಡಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲದ್ದು ಕನ್ನಡದ ಓದುಗರಿಗೆ ನೋವಿನ ಸಂಗತಿಯೇ ಆಯಿತು. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಹೆಚ್ಚಾಗಿ ಬೇರೆ ಕಡೆ. ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್‌ನಲ್ಲಿ, ಗೂಗಲ್‌ನ ಪುಸ್ತಕದಂಗಡಿಯಲ್ಲಿ, ರಾಜ್ಯದ ಗ್ರಂಥಾಲಯ ಇಲಾಖೆ 2020ರಲ್ಲಿ ತೆರೆದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಅವು ಸಿಗುತ್ತವೆ. ಇವೆಲ್ಲ ಫೋನು, ಟ್ಯಾಬ್ಲೆಟ್ಟುಗಳಲ್ಲಿ ಸರಾಗವಾಗಿ ನಡೆಯುತ್ತವೆ. ಸಾಮಾನ್ಯ ಇ-ರೀಡರ್‌ನೊಳಗೆ ಇಂಥ ಆ್ಯಪ್‌ಗಳಿಗೆ ಪ್ರವೇಶವಿಲ್ಲ. ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನಗಳೂ ಇವೆ, ಆದರೆ ಅವು ದುಬಾರಿ.

ಪಠ್ಯಪುಸ್ತಕಗಳ ಕಥೆಯೂ ಇಷ್ಟೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಪಿಡಿಎಫ್ ಎಂದರೆ ಅಚ್ಚಾದ ಪುಟದ ಪಡಿಯಚ್ಚು. ದೊಡ್ಡ ಪುಟವನ್ನು ಆರು ಅಂಗುಲದ ಪರದೆಗೆ ಕುಗ್ಗಿಸಿದರೆ ಅಕ್ಷರಗಳು ಇರುವೆ ಸಾಲು. ಹಿಗ್ಗಿಸಿದರೆ ಸಾಲಿನ ಕೊನೆ ಕಾಣಲು ಪುಟವನ್ನು ಅತ್ತಿತ್ತ ಎಳೆಯುತ್ತಿರಬೇಕು. ಭೂಗೋಳದ ನಕಾಶೆಯಲ್ಲಿ ಕಪ್ಪುಮಣ್ಣು, ಕೆಂಪುಮಣ್ಣು ಎರಡೂ ಬೂದಿ ಬಣ್ಣವಾಗುತ್ತವೆ. ಪಠ್ಯದ ಪುಟದಲ್ಲಿರುವ ಕ್ಯೂಆರ್ ಚೌಕವನ್ನು ದೀಕ್ಷಾ ಆ್ಯಪ್‌ನಲ್ಲಿ ತೆರೆದು ಪಾಠದ ವಿಡಿಯೋ ನೋಡುವುದು ಇ-ರೀಡರ್‌ನಲ್ಲಿ ಆಗದು.

ಅಕ್ಷರದ ತೊಡಕೂ ಒಂದಿದೆ. ಕನ್ನಡದಲ್ಲಿ ಒತ್ತಕ್ಷರ, ಗುಣಿತಾಕ್ಷರಗಳನ್ನು ತಂತ್ರಾಂಶ ಜೋಡಿಸಿಕೊಡಬೇಕು. ಜೋಡಣೆ ಸರಿಯಿಲ್ಲದ ಕಡೆ ಒತ್ತುಗಳು ಕಳಚಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್ನು ಯೂನಿಕೋಡ್‌ಗೆ ಮುಂಚಿನ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಪದ ಹುಡುಕಲು ಹೊರಟಾಗ ಮಾತ್ರ ಸಿಗುವುದಿಲ್ಲ. ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳಂತೂ ಬರೀ ಚಿತ್ರಗಳು, ಅವುಗಳ ಅಕ್ಷರವನ್ನು ಬೇಕಾದಷ್ಟಕ್ಕೆ ದೊಡ್ಡದು ಮಾಡಿ ಸಾಲುಗಳನ್ನು ಮರುಜೋಡಿಸಲು ಬಾರದು.

ಹಾಗೆಂದು ಸಾಮಗ್ರಿಗೆ ಬಡತನವಿಲ್ಲ. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿಗಳ ಹಕ್ಕು ಸಾರ್ವಜನಿಕರದಾಗುತ್ತದೆ. ಮುದ್ದಣ, ಪಂಜೆ ಮಂಗೇಶರಾಯರು, ಬಿ.ಎಂ. ಶ್ರೀಕಂಠಯ್ಯ, ಟಿ.ಪಿ. ಕೈಲಾಸಂ ಇವರೆಲ್ಲರ ಬರಹ ಈಗ ಯಾರು ಬೇಕಾದರೂ ಪ್ರಕಟಿಸಬಹುದಾದದ್ದು. ಕನ್ನಡ ವಿಕಿಸೋರ್ಸ್‌ನಂಥ ತಾಣಗಳಲ್ಲಿ ಹಳೆಯ ಕೃತಿಗಳು ಒಂದು ಪೈಸೆ ಖರ್ಚಿಲ್ಲದೆ ಸಿಗುತ್ತವೆ.

ಓದಿದ್ದು ತಲೆಗೆ ಹತ್ತುವುದೇ?

ಪೋಷಕರ ಇನ್ನೊಂದು ಆತಂಕ ಕಲಿಕೆಯದು. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತು. ಅವುಗಳಲ್ಲಿ ಭಾಗವಹಿಸಿದ ಓದುಗರು 1,70,000ಕ್ಕೂ ಹೆಚ್ಚು. ಮಾಹಿತಿಯ ಪಾಠಗಳನ್ನು ಕಾಗದದಲ್ಲಿ ಓದಿದವರು ಪರದೆಯಲ್ಲಿ ಓದಿದವರಿಗಿಂತ ತುಸು ಚೆನ್ನಾಗಿ ಗ್ರಹಿಸಿದ್ದರು. ಹೊತ್ತಿನ ಒತ್ತಡವಿದ್ದಾಗ ಆ ಅಂತರ ಹೆಚ್ಚಿತ್ತು. ಕಥೆಗಳ ಓದಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಪರದೆಯೊಂದಿಗೆ ಬೆಳೆದ ಪೀಳಿಗೆಗೆ ಈ ಅಂತರ ಕುಗ್ಗಿರಬೇಕು ಎಂದುಕೊಂಡರೆ, ವರ್ಷಗಳು ಉರುಳಿದಂತೆ ಅದು ಹಿಗ್ಗಿದ್ದು ಕಂಡುಬಂತು.

ಇದರಿಂದ ಒಂದು ಸರಳ ನಿಯಮ ಮಾಡಿಕೊಳ್ಳಬಹುದು. ಪರೀಕ್ಷೆಯ ಪಾಠಕ್ಕೆ ಮನೆಯಲ್ಲಿ ಅಚ್ಚಾದ ಪುಸ್ತಕ, ಕೈಯಲ್ಲಿ ಪೆನ್ನು. ಬಸ್ಸಿನ ಪರದೆಗೆ ಕಥೆ, ಕಾದಂಬರಿ, ಪತ್ರಿಕೆ, ಆಗಲೇ ಓದಿದ್ದರ ಪುನರಾವರ್ತನೆ.

ನಿದ್ದೆಯ ಲೆಕ್ಕವೂ ಇದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12 ಮಂದಿ ಮಲಗುವ ಮುನ್ನ ಕೆಲವು ದಿನ ಬೆಳಗುವ ಪರದೆಯ ಮೇಲೂ, ಕೆಲವು ದಿನ ಅಚ್ಚಿನ ಪುಸ್ತಕವನ್ನೂ ಓದಿದರು. ಪರದೆಯ ದಿನಗಳಲ್ಲಿ ನಿದ್ದೆ ತಡವಾಗಿ ಹತ್ತಿತು, ಮರುದಿನ ಬೆಳಗ್ಗೆ ಮಂಪರು ಹೆಚ್ಚಿತ್ತು. ಪ್ರಯೋಗ ಚಿಕ್ಕದು, ಆದರೆ ಆರೂವರೆಯ ಬಸ್ಸು ಹಿಡಿಯಬೇಕಾದ ಮಕ್ಕಳು ಮರೆಯಬಾರದ್ದು. ಯಾವ ಪರದೆಯನ್ನೇ ಆದರೂ ದಿಟ್ಟಿಸಿ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರ ನೋಡಬೇಕು. ಕನಕಪುರದ ರಸ್ತೆಯಲ್ಲಿ ನೋಡಲು ಬಂಡೆಬೆಟ್ಟಗಳಿಗೆ ಕೊರತೆಯಿಲ್ಲ.

ಯಾರಿಗೆ ಯಾವುದು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಷ್ಟೆ. 2025ರ ಏಪ್ರಿಲಿನಲ್ಲಿ ಹೊಸ ಕಿಂಡಲ್ ಪೇಪರ್‌ವೈಟ್ ಭಾರತಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ. ಸಾಧಾರಣ ಟ್ಯಾಬ್ಲೆಟ್ಟು ಅದಕ್ಕಿಂತ ಕಡಿಮೆಗೇ ಸಿಗುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿ ಓದುತ್ತ ಕನ್ನಡ ಪುಸ್ತಕ, ಪಠ್ಯದ ಪಿಡಿಎಫ್, ಪಾಠದ ವಿಡಿಯೋ ಎಲ್ಲವೂ ಬೇಕೆನ್ನುವವರಿಗೆ, ಮನೆಗೆ ಒಂದೇ ಸಾಧನ ಎನ್ನುವವರಿಗೆ ಟ್ಯಾಬ್ಲೆಟ್ಟೇ ಸರಿ. ಪರದೆ ಹತ್ತು ಅಂಗುಲದ್ದಾದರೆ ಪಠ್ಯದ ಪುಟ ಕುಗ್ಗುವುದಿಲ್ಲ. ಸಿಮ್ ಹಾಕುವ ಮಾದರಿ ಬೇಡ, ವೈ-ಫೈ ಮಾತ್ರ ಇರುವುದು ಸಾಕು. ಅಗ್ಗವೂ ಹೌದು.

ಪದವಿ ತರಗತಿಯಲ್ಲಿದ್ದು ಇಂಗ್ಲಿಷಿನ ದಪ್ಪ ಪುಸ್ತಕಗಳನ್ನು ಬಿಡದೆ ಓದುವವರಿಗೆ, ಪಾಠಕ್ಕೆಂದು ಬೇರೆ ಲ್ಯಾಪ್‌ಟಾಪೋ ಟ್ಯಾಬ್ಲೆಟ್ಟೋ ಆಗಲೇ ಇರುವವರಿಗೆ ಇ-ರೀಡರ್ ಒಳ್ಳೆಯ ಸಂಗಾತಿ. ಹಡಗು ಹತ್ತುವ ಯೋಗ ಬಂದರಂತೂ ಕೇಳುವುದೇ ಬೇಡ.

ಎರಡಕ್ಕೂ ದುಡ್ಡಿಲ್ಲದವರು ಸೋತೆವೆಂದು ತಿಳಿಯಬೇಕಾಗಿಲ್ಲ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದಾಗ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವದ ಅವಕಾಶ ಬಂತು. ಅಲ್ಲಿಂದ ತಂದ ಪುಸ್ತಕಕ್ಕೆ ಚಾರ್ಜರ್ ಬೇಡ, ಬಿದ್ದರೆ ಒಡೆಯುವುದಿಲ್ಲ, ಬಿಸಿಲಿಗೆ ಮಂಕಾಗುವುದೂ ಇಲ್ಲ.

ಟ್ಯಾಬ್ಲೆಟ್ ತಂದರೆ ‘ಆಟ ಗೀಟ’ದ ಗತಿಯೇನು ಎಂಬ ಅಪ್ಪನ ಸಂಶಯ ಹಾಗೆಯೇ ಉಳಿಯಿತಲ್ಲ? ಅದಕ್ಕೆ ಉತ್ತರ ಹಡಗಿನಲ್ಲೇ ಇದೆ. ಹಡಗಿನಲ್ಲಿ ಓದು ಸಾಗುವುದಕ್ಕೆ ಮುಖ್ಯ ಕಾರಣ ಅಲ್ಲಿ ನೆಟ್‌ವರ್ಕ್ ಇಲ್ಲದಿರುವುದು. ಆ ಸೌಭಾಗ್ಯವನ್ನು ಬಸ್ಸಿಗೂ ತರಬಹುದು. ವಾರದ ಪುಸ್ತಕವನ್ನು ಭಾನುವಾರ ಮನೆಯಲ್ಲೇ ಇಳಿಸಿಕೊಳ್ಳುವುದು. ಬಸ್ಸು ಹತ್ತಿದೊಡನೆ ಟ್ಯಾಬ್ಲೆಟ್ಟಿನ ವೈ-ಫೈ ಬಂದ್, ಫೋನು ಚೀಲದೊಳಗೆ. ಬೆಂಗಳೂರು ಮುಟ್ಟುವವರೆಗೆ ಕಡಲ ಮೇಲಿದ್ದೇವೆ ಎಂದುಕೊಳ್ಳುವುದು. ಮನೆಯಲ್ಲಿ ಹಿರಿಯರೂ ಊಟದ ಹೊತ್ತಿನಲ್ಲಿ ಫೋನು ಕೆಳಗಿಟ್ಟರೆ ಮಕ್ಕಳಿಗೆ ಈ ನಿಯಮ ಶಿಕ್ಷೆ ಎನಿಸದು.

ಇನ್ನು ಕೊಳ್ಳುವ ದಿನದ ಕೆಲಸ. ಅಂಗಡಿಯವರು ತೋರಿಸುವ ಹೊಳೆಯುವ ಚಿತ್ರಗಳಿಗೆ ಮರುಳಾಗಬಾರದು. ಮಗಳಿಗೆ ಬೇಕಾದ ಕನ್ನಡ ಪುಸ್ತಕವೊಂದನ್ನು, ಪಠ್ಯದ ಒಂದು ಪಿಡಿಎಫ್ ಪುಟವನ್ನು ಅಲ್ಲೇ ತೆರೆಸಬೇಕು. ಒತ್ತಕ್ಷರ ಕೂಡಿದೆಯೇ, ಅಕ್ಷರ ಹಿಗ್ಗುತ್ತದೆಯೇ ಎಂದು ನೋಡಬೇಕು. ಅಂಗಡಿಯ ಬಾಗಿಲಾಚೆ ಬಿಸಿಲಿಗೆ ಹಿಡಿದು ಓದಿ ನೋಡಬೇಕು. ಒಂದೇ ಕೈಯಲ್ಲಿ ಹತ್ತು ನಿಮಿಷ ಹಿಡಿದು ನಿಲ್ಲಬೇಕು. ದುರಸ್ತಿ ಎಲ್ಲಿ, ಪರದೆ ಒಡೆದರೆ ಎಷ್ಟು ಎಂದು ಕೇಳಬೇಕು.

ಈ ಪರೀಕ್ಷೆಗೆ ಮೊದಲು ಮನೆಯಲ್ಲೇ ಒಂದು ಮಾತು ಇತ್ಯರ್ಥವಾಗಬೇಕು. ‘ಓದಕ್ಕೋ, ಆಟ ಆಡಕ್ಕೋ’ ಎಂದು ಕೇಳಿದರೆ ಮಕ್ಕಳು ‘ಓದಕ್ಕೇ’ ಎನ್ನದೆ ಇನ್ನೇನು ಹೇಳಿಯಾರು? ಅಪ್ಪ ಬೇರೆ ಪ್ರಶ್ನೆ ಕೇಳಬೇಕು:

“ಸರಿ ಕಣವ್ವ, ತಕ್ಕೊಳ್ಳಾಣ. ಮೊದಲನೇ ದಿನ ಬಸ್ಸಲ್ಲಿ ಯಾವ ಪುಸ್ತಕ ತೆಗೀತೀಯ?”

ಮಗಳು ಒಂದು ಪುಸ್ತಕದ ಹೆಸರು ಹೇಳಿದರೆ ಅರ್ಧ ತೀರ್ಮಾನ ಅಲ್ಲಿಗೇ ಆಯಿತು. ಆ ಪುಸ್ತಕ ಯಾವುದರಲ್ಲಿ ಚೆನ್ನಾಗಿ ತೆರೆಯುತ್ತದೋ ಅದನ್ನು ತಂದರಾಯಿತು. ಹೆಸರು ಹೊಳೆಯದಿದ್ದರೆ ದುಡ್ಡು ಇನ್ನೂ ಸ್ವಲ್ಪ ದಿನ ಪೆಟ್ಟಿಗೆಯಲ್ಲೇ ಇರಲಿ. ಗ್ರಂಥಾಲಯದ ಬಾಗಿಲು ಹೇಗೂ ತೆರೆದೇ ಇದೆ.